ಹುಳಿ ಚೆರ್ರಿಗೆ ನಮ್ಮ ಗೊಜ್ಜಿನ ಪುಡಿ

ಬೇಕರಿ ಕೇಕಿನ ಮೇಲೆ ಕೂರಿಸುವ ಕೆಂಪು ಚೆರ್ರಿ ಎಷ್ಟೋ ಸಲ ಚೆರ್ರಿಯೇ ಅಲ್ಲ. ಕವಳೆಕಾಯಿಗೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ್ದು. ನಿಜವಾದ ಹುಳಿ ಚೆರ್ರಿ ನನಗೆ ಸಿಕ್ಕಿದ್ದು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಇರಾನಿ ಹುಡುಗಿಯಿಂದ. ಮೈಸೂರಿಗೆ ಓದೋಕೆ ಬರುವ ಇರಾನಿಯರು ನಮಗೇನು ಹೊಸಬರಲ್ಲ ಅಲ್ವಾ. ಊರಿಂದ ಬರುವಾಗ "ಆಂಟಿ, ಆಲ್ಬಾಲೂ" ಅಂತ ಒಣಗಿಸಿದ್ದನ್ನು ತಂದುಕೊಟ್ಟಳು. ಅವರ ಕಡೆ ಇದನ್ನು ಅನ್ನದ ಜೊತೆ ಬೇಯಿಸಿ, ಕೇಸರಿ ಹಾಕಿ 'ಆಲ್ಬಾಲೂ ಪೋಲೋ' ಮಾಡುತ್ತಾರಂತೆ.

ಒಂದು ಬಾಯಿಗೆ ಹಾಕಿಕೊಂಡೆ. ಮದುವೆ ಊಟದ ಅನಾನಸ್ ಗೊಜ್ಜು ನೆನಪಾಯಿತು. ಸರಿ, ಅದೇ ದಾರಿ ಹಿಡಿದೆ.

ಒಂದು ಬಟ್ಟಲು ಒಣ ಚೆರ್ರಿಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಬೇಕು. ಉಬ್ಬಿದ ಮೇಲೆ ಹಿಚುಕಿದರೆ ಬೀಜ ಪುಳಕ್ಕನೆ ಆಚೆ ಬರುತ್ತದೆ. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಬೀಜ ಮಾತ್ರ ಮಿಕ್ಸಿಗೆ ಹೋಗಬಾರದು, ಅದರ ತಿರುಳು ಜಜ್ಜಿದರೆ ಸಯನೈಡ್ ಬಿಡುತ್ತದೆ. ನೆನೆಸಿದ ನೀರು ಚೆಲ್ಲಬೇಡಿ. ಬಣ್ಣ, ಹುಳಿ ಎರಡೂ ಅದರಲ್ಲೇ ಇಳಿದಿರುತ್ತದೆ.

ಪುಡಿ ಮಾಮೂಲಿ: ಕಡಲೆಬೇಳೆ, ಉದ್ದಿನಬೇಳೆ, ನಾಲ್ಕು ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಣ್ಣು, ಅದರ ನೀರು, ಉಪ್ಪು ಹಾಕಿ ಕುದಿಸಿ, ಕೊನೆಗೆ ಪುಡಿ ಬೆರೆಸಿದೆ. ಅರಿಶಿನ ಬಿಟ್ಟುಬಿಟ್ಟೆ, ಆ ಚೆಂದದ ಬಣ್ಣ ಯಾಕೆ ಕೆಡಿಸೋದು? ಪಾತ್ರೆ ಸ್ಟೀಲಿನದೇ ಇರಲಿ. ಹುಳಿಗೆ ಅಲ್ಯೂಮಿನಿಯಂ ಆಗಿಬರಲ್ಲ.

ಬೆಲ್ಲದ ವಿಷಯಕ್ಕೆ ಬಂದರೆ, ಹುಣಸೆಯ ಹುಳಿ ಬಲು ಜೋರು. ಚೆರ್ರಿಯದು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ, ಹುಣಸೆಯಷ್ಟು ಜೋರಿಲ್ಲ. ಹಾಗಾಗಿ ಹುಣಸೆ ಗೊಜ್ಜಿಗೆ ಹಾಕುವಷ್ಟು ಬೆಲ್ಲ ಬೇಡ. ಮಂಡ್ಯದ ಬೆಲ್ಲ ಒಂದು ಸಣ್ಣ ತುಂಡು ಸಾಕಾಯಿತು.

ಇನ್ನು ಆರೋಗ್ಯದ ಮಾತು. ತಾಜಾ ಹಣ್ಣು 100 ಗ್ರಾಂಗೆ ಸುಮಾರು 50 ಕ್ಯಾಲೊರಿ, 10 ಮಿಲಿಗ್ರಾಂ ಸಿ ವಿಟಮಿನ್, 170 ಮಿಲಿಗ್ರಾಂ ಪೊಟ್ಯಾಸಿಯಂ. ಎ ವಿಟಮಿನ್ ಸಿಹಿ ಚೆರ್ರಿಗಿಂತ ಎಷ್ಟೋ ಪಾಲು ಜಾಸ್ತಿ. ಆ ಕೆಂಪು ಬಣ್ಣ ಆಂಥೋಸಯನಿನ್‌ನದು, ನೇರಳೆ ಹಣ್ಣಿನಲ್ಲೂ ಇದೆ. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಕೂಡ ಚೂರು ಇದೆ. ನಿದ್ದೆ, ಕೀಲುನೋವು, ವ್ಯಾಯಾಮದ ಮೈಕೈನೋವಿಗೆ ಒಳ್ಳೆಯದು ಅಂತ ಪರೀಕ್ಷೆ ಮಾಡಿರುವುದು ಹೆಚ್ಚಾಗಿ ಇದರ ಜ್ಯೂಸಿನ ಮೇಲೆ, ಅದೂ ಕೆಲವೇ ಜನರಿಗೆ ಕೊಟ್ಟು. ನಮ್ಮೆಜಮಾನ್ರಿಗೆ ಯೂರಿಕ್ ಆಸಿಡ್ ಜಾಸ್ತಿ. "ಇನ್ನು ಮಾತ್ರೆ ಬೇಡ ಅಲ್ವಾ?" ಅಂದರು. ಮಾತ್ರೆ ಮುಂದುವರಿದಿದೆ, ಗೊಜ್ಜೂ ಮುಂದುವರಿದಿದೆ. ಸಿ ವಿಟಮಿನ್ನೇ ಬೇಕು ಅಂದರೆ ಸುಮ್ನೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ.

ಸಕ್ಕರೆ ಕಾಯಿಲೆ ಇರುವವರು ಅಂಗಡಿ ಪ್ಯಾಕೆಟ್ಟಿನ ಹಿಂಭಾಗ ಓದಿ. ಒಣ ಚೆರ್ರಿಗೆ ಬಹಳ ಸಲ ಸಕ್ಕರೆ ಸೇರಿಸಿರುತ್ತಾರೆ, ಅಂಥದ್ದಾದರೆ ಗೊಜ್ಜಿಗೆ ಬೆಲ್ಲ ಹಾಕಲೇಬೇಡಿ. ದೋಸೆಗಿಂತ ಮೊಸರನ್ನಕ್ಕೆ ಇದು ಚೆನ್ನಾಗಿ ಹೊಂದುತ್ತದೆ.