ಶೋಧಗಂಗಾದಲ್ಲಿ ಪಿಎಚ್‌.ಡಿ. ಪ್ರಬಂಧ ಹುಡುಕುವುದು ಹೇಗೆ?

ಎಂ.ಎ. ಕಿರುಪ್ರಬಂಧಕ್ಕೆ ‘ಕಲಬುರಗಿಯ ತೊಗರಿ ಬೆಳೆಗಾರರು’ ಅನ್ನೋ ವಿಷಯ ಸಿಕ್ಕಿದೆ ಅಂದುಕೊಳ್ಳಿ. ಸುಮ್ನೆ ಗೂಗಲ್ ಮಾಡಿದರೆ ಬರುವುದು ಎಪಿಎಂಸಿ ರೇಟು, ಬೆಂಬಲ ಬೆಲೆಯ ಸುದ್ದಿ. ಅದರ ಬದಲು ಶೋಧಗಂಗಾ ಜಾಲತಾಣ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿವೆ, ಉಚಿತ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ.

ಹುಡುಕುವ ಪದವನ್ನು ಇಂಗ್ಲಿಷಿನಲ್ಲೂ ಹಾಕಿ. ತೊಗರಿಗೆ ಒಬ್ಬರು ರೆಡ್‌ಗ್ರಾಂ ಅಂದಿರುತ್ತಾರೆ, ಇನ್ನೊಬ್ಬರು ಪಿಜನ್‌ಪೀ. ಎರಡನ್ನೂ ಬೇರೆ ಬೇರೆ ಹಾಕಿ ನೋಡಿ. ಊರಿನ ಹೆಸರಿನದೂ ಇದೇ ಕಥೆ. ಕಲಬುರಗಿ ಅಂತ ಅಧಿಕೃತವಾಗಿದ್ದು 2014ರ ನವೆಂಬರ್ 1ರಂದು. ಹಿಂದಿನ ಪ್ರಬಂಧಗಳಲ್ಲಿ ಜಾಸ್ತಿ ಸಿಗುವುದು ಗುಲ್ಬರ್ಗಾ. ಯಾದಗಿರಿಯ ಹಳೇ ಅಂಕಿಅಂಶವೂ ಗುಲ್ಬರ್ಗಾ ಜಿಲ್ಲೆಯ ಲೆಕ್ಕದಲ್ಲೇ ಇರುತ್ತದೆ. 1956ಕ್ಕಿಂತ ಹಿಂದೆ ಹೋಗಬೇಕಾ? ಆಗ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೇ ಪುಸ್ತಕಗಳನ್ನು ಉಚಿತವಾಗಿ ಕೊಡುವ ಇಂಟರ್‌ನೆಟ್ ಆರ್ಕೈವ್ ಜಾಲತಾಣದಲ್ಲಿ ಹೈದರಾಬಾದ್ ಸ್ಟೇಟ್ ಅಂತ ಹುಡುಕಿ. ನಿಜಾಮರ ಕಾಲದ ಜನಗಣತಿ ವರದಿಗಳ ಸ್ಕ್ಯಾನ್ ಸಿಗುತ್ತವೆ.

ಪ್ರಬಂಧ ಸಿಕ್ಕ ಮೇಲೆ ನೋಡಿದರೆ ಅಧ್ಯಾಯಕ್ಕೊಂದು ಪಿಡಿಎಫ್. ಎಲ್ಲ ಇಳಿಸಿಕೊಂಡು ಮೊಬೈಲ್ ತುಂಬಿಸಬೇಡಿ. ಮೊದಲು ಗ್ರಂಥಋಣದ ಫೈಲ್ ತೆರೆಯಿರಿ. ಆ ಸಂಶೋಧಕರು ವರ್ಷಗಟ್ಟಲೆ ಅಲೆದು ಹುಡುಕಿದ್ದೆಲ್ಲ ಕೆಲವೇ ಪುಟಗಳಲ್ಲಿ ಕೈಗೆ ಬರುತ್ತದೆ. ಆಮೇಲೆ ಅನುಬಂಧ. ಸಮೀಕ್ಷೆ ಮಾಡಿದ್ದರೆ ರೈತರಿಗೆ ಕೇಳಿದ ಪ್ರಶ್ನಾವಳಿ ಅಲ್ಲೇ ಇರುತ್ತದೆ. ಪ್ರಶ್ನೆ ಹೇಗೆ ಕೇಳಬೇಕು, ಹೇಗೆ ಕೇಳಬಾರದು ಎರಡೂ ಗೊತ್ತಾಗುತ್ತದೆ. ನನ್ನ ಕೇಳಿದರೆ, ‘ಪೀಠಿಕೆ’ ಅನ್ನೋ ಅಧ್ಯಾಯವನ್ನು ಕೊನೆಗೆ ಓದಿದರೂ ನಡೆಯುತ್ತದೆ.

ಕನ್ನಡ ಪ್ರಬಂಧಗಳದ್ದು ಇನ್ನೊಂದು ತಾಪತ್ರಯ. ಹಳೆಯವು ಎಷ್ಟೋ ಸ್ಕ್ಯಾನ್ ಮಾಡಿದವು, ಇಲ್ಲವೇ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ‘ನುಡಿ’ ಫಾಂಟಿನವು. ಫೈಲಿನೊಳಗೆ ‘ತೊಗರಿ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ, ಪದ ಕಣ್ಣೆದುರೇ ಇರುತ್ತದೆ! ಪರಿವಿಡಿ ನೋಡಿ ಪುಟ ತಿರುವುವುದೇ ದಾರಿ.

ತಳಿ, ರೋಗದ ವಿಷಯವಾದರೆ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ಕೃಷಿಕೋಶ ನೋಡಿ. ಜರ್ನಲ್ ಲೇಖನಕ್ಕೆ ಗೂಗಲ್ ಸ್ಕಾಲರ್ ಸಾಕು. ದುಡ್ಡು ಕೇಳಿದರೆ ಕೊಡಲು ಹೋಗಬೇಡಿ, ಕೆಳಗಿನ ‘ಆಲ್ ವರ್ಷನ್ಸ್’ ಒತ್ತಿ, ಎಷ್ಟೋ ಸಲ ಉಚಿತ ಪ್ರತಿ ಅಲ್ಲೇ ಇರುತ್ತದೆ. ಸರ್ಕಾರಿ ಕಾಲೇಜಿನವರು ಲೈಬ್ರರಿಯನ್ ಬಳಿ ‘ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್’ ಬಗ್ಗೆ ಕೇಳಿ. ಜರ್ನಲ್‌ಗಳ ಚಂದಾವನ್ನು ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರ ಸರ್ಕಾರವೇ ಕಟ್ಟುವ, 2025ರ ಜನವರಿಯಲ್ಲಿ ಶುರುವಾದ ಯೋಜನೆ, ಸುಮಾರು 13,000 ಜರ್ನಲ್‌ಗಳಿವೆ.

ಇಳಿಸಿದ ಫೈಲಿಗೆ ಆಗಲೇ ಲೇಖಕರ ಹೆಸರು, ವರ್ಷ ಹಾಕಿ ಸೇವ್ ಮಾಡಿ. ಶೋಧಗಂಗಾದ ಫೈಲುಗಳ ಹೆಸರು ‘ಚಾಪ್ಟರ್ 1’, ‘ಚಾಪ್ಟರ್ 2’ ಥರಾನೇ ಇರುತ್ತದೆ. ನಾಲ್ಕು ಪ್ರಬಂಧ ಇಳಿಸಿದರೆ ಯಾವುದು ಯಾರದ್ದೋ ತಿಳಿಯುವುದಿಲ್ಲ.