ಫಿಟ್ಸ್ ಸರ್ವೆಗೆ ಹುಣಸೆ ಬೀಜ: ನನ್ನ ಅನುಭವ

ಹುಣಸೆ ಬೀಜ ಇಟ್ಟುಕೊಂಡು ರಿಸರ್ಚಾ ಎಂದು ನಕ್ಕವರೇ ಈಗ ಫೋನ್ ಮಾಡಿ, ಫಿಟ್ಸ್ ಇರುವವರು ಬಾಯಿಬಿಟ್ಟು ಹೇಳದ್ದನ್ನು ಬೀಜದಲ್ಲಿ ಹೇಳುವಂತೆ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಇಲ್ಲೇ ಬರೆದುಬಿಡುತ್ತೇನೆ.

ನಮ್ಮದು ಮಂಡ್ಯದ ಒಂದು ಆಸ್ಪತ್ರೆ. ಫಿಟ್ಸ್ ಮಾತ್ರೆಗೆ ಬರುವವರ ತೊಂದರೆಗಳೇನು, ಮನೆಯವರು, ಊರವರು ಅವರನ್ನು ಹೇಗೆ ನೋಡುತ್ತಾರೆ ಅನ್ನುವುದು ವಿಷಯ. ಮೊದಲು ಎಲ್ಲರಂತೆ ಪ್ರಶ್ನಾವಳಿ ಮಾಡಿದೆವು. ಐದು ಪುಟ. ಜೆರಾಕ್ಸಿಗೇ ಎರಡೂವರೆ ಸಾವಿರದಷ್ಟು ಹೋಯಿತು, ಅದೂ ನನ್ನ ಸಂಬಳದಿಂದ. ಬಂದ ಉತ್ತರ ನೋಡಿದರೆ ಮಂಡ್ಯ ಜಿಲ್ಲೆಯಲ್ಲಿ ಎಲ್ಲರೂ ದೇವರಂಥವರು. "ನಮ್ಮತ್ತೆ ಮಗಳ ಥರ ನೋಡ್ಕತಾರೆ ಮೇಡಂ." ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು, ಇನ್ನೇನು ಹೇಳುತ್ತಾರೆ? ಫಿಟ್ಸ್ ಬಂದಾಗ ಏನು ಮಾಡುತ್ತೀರಿ ಅಂದರೆ, "ಪಕ್ಕಕ್ಕೆ ತಿರುಗಿಸಿ ಮಲಗಿಸ್ತೀವಿ" ಎಂದು ಗೋಡೆಯ ಪೋಸ್ಟರಿನ ಮಾತು. ಹಾಗೆ ಹೇಳಿದವರ ಚೀಲದಲ್ಲೇ, ಕೈಗೆ ಹಿಡಿಸಲು ಕಬ್ಬಿಣದ ಬೀಗದ ಕೈ ಇರುತ್ತಿತ್ತು.

ಅಂಕಿಅಂಶ ನೋಡುವ ನಮ್ಮ ಸರ್, "ಡೇಟಾ ಚೆನ್ನಾಗಿದೆ, ಬರೆದು ಮುಗಿಸಿ" ಎಂದರು. ನನಗೆ ಮನಸ್ಸು ಒಪ್ಪಲಿಲ್ಲ.

ಆಮೇಲೆ ಪೇಟೆ ಬೀದಿಯಿಂದ ಎರಡು ಸ್ಟೀಲ್ ಡಬ್ಬಿ ತಂದೆ. ಹೌದು ಅನ್ನುವವರು ಒಂದಕ್ಕೆ, ಇಲ್ಲ ಅನ್ನುವವರು ಇನ್ನೊಂದಕ್ಕೆ ಬೀಜ ಹಾಕಬೇಕು. ಪರದೆ ಕಟ್ಟಿದ್ದೆವು. ಆದರೆ ಟಣ್ ಅನ್ನುವ ಸದ್ದು ಯಾವ ಕಡೆಯಿಂದ ಬಂತು ಎಂದು ಆಚೆ ನಿಂತವರಿಗೆ ಗೊತ್ತಾಗಿಬಿಡುತ್ತಿತ್ತು. ಒಳಗೆ ಬಟ್ಟೆ ಹಾಸಿದರೂ ಇನ್ನೊಂದು ತಲೆನೋವು: ಒಬ್ಬರದೇ ಎರಡು ಉತ್ತರಗಳನ್ನು ಜೋಡಿಸಲು ಆಗುತ್ತಿರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಔಷಧಿ ಅಂಗಡಿಯ ಮಾತ್ರೆ ಕವರ್. ಒಬ್ಬರಿಗೆ ಒಂದು ಕವರ್. ಸಿಸ್ಟರ್ ಪ್ರಶ್ನೆ ಓದುತ್ತಾರೆ. ಮದುವೆಗೆ ಮೊದಲು ಕಾಯಿಲೆ ಮುಚ್ಚಿಟ್ಟಿದ್ದರೆ ಹುಣಸೆ ಬೀಜ. ಯಾರಾದರೂ ನೋಡುತ್ತಾರೆ ಎಂದು ಮಾತ್ರೆ ಬಿಟ್ಟಿದ್ದರೆ ಅವರೆಕಾಳು. ಇಲ್ಲದಿದ್ದರೆ ಏನೂ ಹಾಕಬೇಕಾಗಿಲ್ಲ. ಖಾಲಿ ಕವರ್ ಮುಟ್ಟಿದರೆ ಗೊತ್ತಾಗುತ್ತದೆ ಅಲ್ವಾ? ಅದಕ್ಕೆ ಎಲ್ಲ ಕವರಿಗೂ ಮೊದಲೇ ಒಂದಷ್ಟು ಕಡಲೆಕಾಳು ತುಂಬಿಟ್ಟೆ. ಓದು ಬರಹ ಬಾರದವರಿಗೂ ಕಷ್ಟವಾಗಲಿಲ್ಲ. ಒಪ್ಪಿಗೆಯ ಸಹಿ ಬೇರೆ ಹಾಳೆಯಲ್ಲಿ, ಹಾಗಾಗಿ ಯಾವ ಕವರ್ ಯಾರದು ಎಂದು ತಿಳಿಯುವುದಿಲ್ಲ; ರಿಸರ್ಚಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯೂ ಸುಮ್ಮನಾಯಿತು. ನಡುವೆ ಅವರೆಗೆ ಹುಳ ಬಿತ್ತು, ಅಲಸಂದೆಗೆ ಬದಲಾಯಿಸಿದೆ.

ಅತ್ತೆಯರನ್ನು ಎರಡು ನಿಮಿಷ ಆಚೆ ಕಳಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಎಲ್ಲರೂ ಶುರು ಮಾಡಿದರೆ ಅದು ನಡೆಯುವುದಿಲ್ಲ.

ಮುಖಾಮುಖಿ ಕೇಳಿದಾಗ ಮದುವೆಗೆ ಮುಂಚೆ ಮುಚ್ಚಿಟ್ಟೆವು ಎಂದವರು ನೂರಕ್ಕೆ ಐದಾರು. ಕವರ್ ಬಿಚ್ಚಿದರೆ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ. ಹುಣಸೆ ಬೀಜ ಇದ್ದ ಕವರುಗಳಲ್ಲೇ ಅಲಸಂದೆಯೂ ಹೆಚ್ಚು. ಮಾತ್ರೆಗಳನ್ನು ಅರಿಶಿನದ ಡಬ್ಬಿಯಲ್ಲಿ ಬಚ್ಚಿಟ್ಟು, ಮನೆಯಲ್ಲಿ ಜನ ಇದ್ದ ದಿನ ಬಿಟ್ಟು, ಮತ್ತೆ ಫಿಟ್ಸ್ ಬರಿಸಿಕೊಂಡವರು. ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಮಾತ್ರೆ ನುಂಗುತ್ತಾ ಬಸಿರಾದರೆ ಮಗುವಿಗೆ ಅಪಾಯ. ಕಾಯಿಲೆಯನ್ನೇ ಮುಚ್ಚಿಟ್ಟವಳು ಅದನ್ನು ಯಾರ ಹತ್ತಿರ ಕೇಳುತ್ತಾಳೆ? ಮೂರ್ಛೆರೋಗ, ಅಂದರೆ ಫಿಟ್ಸ್, ಮದುವೆಗೆ ಅಡ್ಡಿ ಅನ್ನುವ ಮಾತನ್ನು 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದುಹಾಕಿದ್ದಾರೆ. ನಾನು ಮಾತಾಡಿಸಿದವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ನಡುವೆ ಒಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. ತಲೆಗೆ ಸ್ನಾನ ಮಾಡಿದ ದಿನ ಮಾತ್ರ ಫಿಟ್ಸ್ ಬರುವವರು ನಮ್ಮ ಸೀಮೆಯಲ್ಲಿ ಜಾಸ್ತಿ. ತೀರಾ ಬಿಸಿ ನೀರು ತಲೆಗೆ ಬಿದ್ದರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಹಿಂದೆ ಯಳಂದೂರಿನಲ್ಲಿ ನಡೆದ ಫಿಟ್ಸ್ ಸರ್ವೆಯಲ್ಲೂ ಅದು ಕಂಡಿತ್ತು. ಬಕೆಟ್ ಕೊಟ್ಟು, ಮನೆಯಲ್ಲಿ ಹೇಗೋ ಹಾಗೇ ನೀರು ಬೆರೆಸಿ ಎಂದೆ. ಮುನ್ನೂರು ರೂಪಾಯಿಯ ಥರ್ಮಾಮೀಟರ್ ಅದ್ದಿದರೆ ಬಹಳ ಜನರದು 45 ಡಿಗ್ರಿ ದಾಟಿತ್ತು. ಕೈ ಅದ್ದಲು ನನಗೇ ಆಗಲಿಲ್ಲ, ಅವರು ಅದನ್ನು ಚೊಂಬಿನಲ್ಲಿ ಬಿಡದೆ ತಲೆಗೆ ಸುರಿದುಕೊಳ್ಳುತ್ತಾರೆ. "ಹಂಡೆ ನೀರು ಹಿಂಗೇ ಇರ್ಬೇಕು ಕಣವ್ವ, ಇಲ್ದಿದ್ರೆ ಎಣ್ಣೆ ಬಿಡಲ್ಲ" ಎಂದರು ಮಳವಳ್ಳಿ ಕಡೆಯ ಒಬ್ಬ ಅಜ್ಜಿ. ಕೆಲವರಿಗೆ ಡಾಕ್ಟರು ಸ್ನಾನಕ್ಕೆ ಮುಂಚೆ ನುಂಗಲು ಕ್ಲೋಬಜಾಮ್ ಅನ್ನುವ, ಫಿಟ್ಸ್ ತಡೆಯುವ ಮಾತ್ರೆ ಬರೆದುಕೊಟ್ಟರು. ಇದನ್ನು ಬೇರೆಯಾಗಿಯೇ ಬರೆಯಬೇಕು.

ಕವರ್ ಲೆಕ್ಕ ತೋರಿಸಿದ ಮೇಲೆ ಡಾಕ್ಟರು ಸಾಧ್ಯವಿದ್ದವರಿಗೆಲ್ಲ ಮಧ್ಯಾಹ್ನದ ಡೋಸ್ ತೆಗೆದು, ರಾತ್ರಿ ಮಲಗುವಾಗ ಒಂದೇ ಹೊತ್ತಿಗೆ ಮಾಡಿಕೊಟ್ಟರು. ಡಬ್ಬಿ, ಕವರ್, ಕಾಳು ಎಲ್ಲ ಸೇರಿ ಆರುನೂರು ದಾಟಿರಲಿಕ್ಕಿಲ್ಲ. ಹುಣಸೆ ಬೀಜ ನಮ್ಮ ಮನೆಯದೇ. ಅಂಕಿಅಂಶದ ಸರ್ ಈಗ ಅದೇ ಕವರುಗಳನ್ನು ಟಿಬಿ ವಿಭಾಗಕ್ಕೆ ಕೇಳಿದ್ದಾರೆ. ಕೊಟ್ಟಿದ್ದೇನೆ, ಜೆರಾಕ್ಸ್ ದುಡ್ಡು ವಾಪಸ್ ಕೊಡಿಸಿ ಎಂಬ ಷರತ್ತಿನ ಮೇಲೆ.