ಹೊಸಬರಿಗೆ ಮಾರ್ಗದರ್ಶಿ: ದುಡ್ಡು ಹೋದಾಗ, ಪೊಲೀಸರು ಕರೆದಾಗ

ಇದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಂದಿಳಿದ ಕುಟುಂಬಗಳಿಗೆ. ಸ್ಕಾಟ್ಲೆಂಡಿನಲ್ಲಿ ಬ್ಯಾಂಕಿನ ನಿಯಮಗಳು ಬಹುಮಟ್ಟಿಗೆ ಇವೇ. ಪೊಲೀಸ್ ಕಾನೂನು ಬೇರೆ.

ದುಡ್ಡು ಹೋದ ದಾರಿ

ಕಳೆದುಹೋದ ಹಣ ವಾಪಸ್ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಅದು ಯಾವ ದಾರಿಯಲ್ಲಿ ಹೋಯಿತು ಎಂಬುದರ ಮೇಲಿದೆ.

ದೊಡ್ಡ ಖರೀದಿಗೆ ಕ್ರೆಡಿಟ್ ಕಾರ್ಡ್ ಬಳಸಿ. ಒಂದು ವಸ್ತುವಿನ ಬೆಲೆ 100 ಪೌಂಡ್ ದಾಟಿದ್ದು 30,000 ಮೀರದಿದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಂಗಡಿಯ ಜೊತೆ ಕಾರ್ಡ್ ಕಂಪನಿಯೂ ಹೊಣೆ. ಸೋಫಾದ ಮುಂಗಡ ಮಾತ್ರ ಕಾರ್ಡಿನಲ್ಲಿ ಕಟ್ಟಿ ಉಳಿದದ್ದನ್ನು ಟ್ರಾನ್ಸ್‌ಫರ್ ಮಾಡಿದ್ದರೂ ಪೂರ್ತಿ ಬೆಲೆ ಕೇಳಬಹುದು. ತಲಾ 60 ಪೌಂಡಿನ ಎರಡು ಕುರ್ಚಿ ಕೊಂಡು 120 ಆಯಿತು ಎಂದರೆ ಮಾತ್ರ ನಡೆಯುವುದಿಲ್ಲ. ಡೆಬಿಟ್ ಕಾರ್ಡಿಗೆ ಇರುವುದು, ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕ ಅಂಗಡಿಯಿಂದ ಹಿಂದಕ್ಕೆ ಕೇಳುವ ಚಾರ್ಜ್‌ಬ್ಯಾಕ್. ಅದು ಕಾರ್ಡ್ ಜಾಲದ ನಿಯಮ, ಕಾನೂನಿನ ಹಕ್ಕಲ್ಲ. ಅವಧಿ ಸಾಮಾನ್ಯವಾಗಿ 120 ದಿನ.

ಕಂಪನಿಯೇ ನಿಮ್ಮ ಖಾತೆಯಿಂದ ಹಣ ಎಳೆದುಕೊಳ್ಳುವ ಡೈರೆಕ್ಟ್ ಡೆಬಿಟ್‌ನಲ್ಲಿ ತಪ್ಪು ಮೊತ್ತ ಕಡಿತವಾದರೆ ಕಂಪನಿಯ ಹಿಂದೆ ಅಲೆಯಬೇಡಿ, ಬ್ಯಾಂಕಿಗೇ ಹೇಳಿ. ಹಣವನ್ನು ಬ್ಯಾಂಕ್ ಕೂಡಲೇ ಮರಳಿಸಬೇಕು. ನಿಗದಿತ ಮೊತ್ತವನ್ನು ನೀವೇ ನಿಯಮಿತವಾಗಿ ಕಳಿಸುವ ಸ್ಟ್ಯಾಂಡಿಂಗ್ ಆರ್ಡರ್‌ಗೆ ಈ ಭರವಸೆ ಇಲ್ಲ.

ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋಗಿದ್ದರೆ 2017ರ ಪೇಮೆಂಟ್ ಸರ್ವಿಸಸ್ ನಿಯಮಗಳು ನಿಮ್ಮ ಕಡೆಗಿವೆ. ನೀವು ತಿಳಿಸಿದ ಮರು ಕೆಲಸದ ದಿನ ಮುಗಿಯುವುದರೊಳಗೆ ಬ್ಯಾಂಕ್ ಹಣ ತುಂಬಬೇಕು. ವಂಚನೆಯನ್ನೋ ತೀವ್ರ ನಿರ್ಲಕ್ಷ್ಯವನ್ನೋ ತೋರಿಸುವ ಹೊರೆ ಬ್ಯಾಂಕಿನದು. 13 ತಿಂಗಳ ಒಳಗೆ ತಿಳಿಸಬೇಕು.

ಮೋಸಗಾರನ ಮಾತು ನಂಬಿ ನೀವೇ ಕಳಿಸಿದ ಹಣದ ಕಥೆ ಬೇರೆ. 2024ರ ಅಕ್ಟೋಬರ್ 7ರಿಂದ, ಬ್ರಿಟನ್ನಿನೊಳಗಿನ ಬ್ಯಾಂಕ್ ಟ್ರಾನ್ಸ್‌ಫರ್‌ಗಳಿಗೆ 85,000 ಪೌಂಡ್‌ವರೆಗೆ ಬ್ಯಾಂಕ್ ತುಂಬಿಕೊಡಬೇಕು. ಸಾಮಾನ್ಯವಾಗಿ ಐದು ಕೆಲಸದ ದಿನಗಳಲ್ಲಿ. ತನಿಖೆ ಬೇಕಾದರೆ 35ರವರೆಗೆ ಎಳೆಯಬಹುದು. ನಿಮ್ಮ ಪಾಲೆಂದು 100 ಪೌಂಡ್‌ವರೆಗೆ ಮುರಿದುಕೊಳ್ಳಲೂಬಹುದು. ನೋಡದ ಮನೆಗೆ ಕಟ್ಟಿದ ನಕಲಿ ಡಿಪಾಸಿಟ್ ಇದರಲ್ಲಿ ಬರುತ್ತದೆ. ಭಾರತದ ಖಾತೆಗೆ ಕಳಿಸಿದ್ದು, ನಗದು, ಗಿಫ್ಟ್ ಕಾರ್ಡ್, ಕ್ರಿಪ್ಟೋ ಬರುವುದಿಲ್ಲ. ಮೋಸಗಾರರು ಹೊಸಬರಿಂದ ಇವನ್ನೇ ಕೇಳುವುದು ಸುಮ್ಮನೆ ಅಲ್ಲ.

ಅನುಮಾನ ಬಂದ ಕೂಡಲೇ ಫೋನ್ ಇಟ್ಟು 159ಕ್ಕೆ ಕರೆ ಮಾಡಿ. ಬಹುತೇಕ ದೊಡ್ಡ ಬ್ಯಾಂಕುಗಳಿಗೆ ಅಲ್ಲಿಂದಲೇ ಸಂಪರ್ಕ ಸಿಗುತ್ತದೆ. ಬ್ಯಾಂಕ್ ಆಗುವುದಿಲ್ಲ ಎಂದರೆ ‘ಇದು ಅಧಿಕೃತ ದೂರು’ ಎಂದು ಬರೆದು ಕೊಡಿ. ಪಾವತಿಯ ದೂರಿಗೆ 15 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ತೊಡಕಿದ್ದರೆ 35. ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ, ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ, ಆದ್ದರಿಂದ ಹಣ ವಾಪಸ್ ತರಿಸುತ್ತೇವೆಂದು ಪಾಲು ಕೇಳುವ ಏಜೆಂಟರ ಅಗತ್ಯವೂ ಇಲ್ಲ.

ರೂಪಾಯಿಗೆ ಪೌಂಡ್

ಇದನ್ನು ದಯವಿಟ್ಟು ಓದದೆ ಬಿಡಬೇಡಿ. ‘ನನ್ನ ಹತ್ತಿರ ಪೌಂಡ್ ಇದೆ, ಊರಿನ ಖಾತೆಗೆ ರೂಪಾಯಿ ಹಾಕಿ, ಒಳ್ಳೆಯ ರೇಟ್’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತದೆ. ನಿಮ್ಮ ಖಾತೆಗೆ ಬೀಳುವ ಪೌಂಡ್ ಇನ್ನಾರೋ ಮೋಸಹೋದವರದ್ದಾಗಿರಬಹುದು. ಅವರು ದೂರು ಕೊಟ್ಟ ದಿನ ನಿಮ್ಮ ಖಾತೆ ನಿಂತುಹೋಗುತ್ತದೆ. ಕಾರಣ ಕೇಳಿದರೆ ಬ್ಯಾಂಕ್ ಹೇಳದಿರಬಹುದು, ಹಲವು ಸಲ ಹೇಳುವಂತೆಯೇ ಇಲ್ಲ. ವಂಚನೆ ತಡೆಯಲು ಬ್ಯಾಂಕುಗಳು ಹಂಚಿಕೊಳ್ಳುವ ಸಿಫಾಸ್ ದಾಖಲೆಯಲ್ಲಿ ಗುರುತು ಬಿದ್ದರೆ ಆರು ವರ್ಷದವರೆಗೂ ಹೊಸ ಖಾತೆ, ಸಾಲ, ಮೊಬೈಲ್ ಕಾಂಟ್ರಾಕ್ಟ್ ಕಷ್ಟ. 2002ರ ಪ್ರೊಸೀಡ್ಸ್ ಆಫ್ ಕ್ರೈಮ್ ಕಾಯ್ದೆಯಲ್ಲಿ ಹಣ ಶುದ್ಧೀಕರಣಕ್ಕೆ ಗರಿಷ್ಠ ಶಿಕ್ಷೆ 14 ವರ್ಷ. ಓದಲು ಬಂದ ಮಕ್ಕಳು ‘ಖಾತೆ ಎರಡು ದಿನ ಕೊಡು’ ಎಂಬ ಮಾತಿಗೆ ಒಪ್ಪಿದರೂ ಇದೇ ಗತಿ.

ಪೊಲೀಸರು ಕರೆದರೆ

‘ವಾಲಂಟರಿ ಇಂಟರ್ವ್ಯೂ, ಸ್ವಲ್ಪ ಮಾತಾಡಬೇಕು’ ಎಂದು ಕರೆ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಮಾತು ರೆಕಾರ್ಡ್ ಆಗುತ್ತದೆ, ಸಾಕ್ಷ್ಯವಾಗುತ್ತದೆ. ಆ ವಿಚಾರಣೆಗಾಗಲಿ, ಬಂಧನವಾದರಾಗಲಿ, ನಿಮ್ಮ ಆದಾಯ ಎಷ್ಟೇ ಇರಲಿ ಸಾಲಿಸಿಟರ್ ಸಲಹೆ ಉಚಿತ. ವಕೀಲರನ್ನು ಕೇಳಿದರೆ ತಪ್ಪಿತಸ್ಥ ಎಂದುಕೊಳ್ಳುತ್ತಾರೆ ಎಂಬ ಭಯ ನಮ್ಮವರಲ್ಲಿ ಬಹಳ; ಅದು ಬೇಡ. ಕಚೇರಿಯ ಇಂಗ್ಲಿಷ್ ಚೆನ್ನಾಗಿ ಬಂದರೂ ಠಾಣೆಯ ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡ ದುಭಾಷಿ ಬೇಕೆಂದು ಹೇಳಿ, ಅದಕ್ಕೂ ಹಣ ಕೊಡಬೇಕಿಲ್ಲ. 18ರ ಒಳಗಿನವರ ಜೊತೆ ‘ಅಪ್ರಾಪ್ರಿಯೇಟ್ ಅಡಲ್ಟ್’, ಸಾಮಾನ್ಯವಾಗಿ ತಂದೆ ಅಥವಾ ತಾಯಿ, ಇರಲೇಬೇಕು. ಭಾರತೀಯ ಪಾಸ್‌ಪೋರ್ಟ್ ಇದ್ದವರು ಹೈಕಮಿಷನ್ ಸಂಪರ್ಕಿಸಬಹುದು.

ಆರೋಪ ಹೊರಿಸದೆ ಸಾಮಾನ್ಯವಾಗಿ 24 ಗಂಟೆ ಇಟ್ಟುಕೊಳ್ಳಬಹುದು. ಗಂಭೀರ ಅಪರಾಧವಾದರೆ ಹಿರಿಯ ಅಧಿಕಾರಿಯ ಅನುಮತಿಯಿಂದ 36, ಮ್ಯಾಜಿಸ್ಟ್ರೇಟ್ ಆದೇಶದಿಂದ 96ರವರೆಗೆ. ಬೇಗ ಮನೆಗೆ ಹೋಗುವ ಆತುರದಲ್ಲಿ ‘ಕಾಷನ್’ಗೆ (ಕೋರ್ಟಿಗೆ ಒಯ್ಯದೆ ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ) ಸಹಿ ಹಾಕುವುದು ದುಬಾರಿಯಾಗುವ ತಪ್ಪು. ಅದು ತಪ್ಪೊಪ್ಪಿಗೆ, ಮುಂದೆ ವೀಸಾ, ಪೌರತ್ವದ ಅರ್ಜಿಗಳಲ್ಲಿ ಅದನ್ನು ತಿಳಿಸಬೇಕಾಗುತ್ತದೆ. ವಕೀಲರೊಂದಿಗೆ ಮಾತಾಡದೆ ಸಹಿ ಬೇಡ.

ಬಂಧಿತರು ಒಬ್ಬರಿಗೆ ಸುದ್ದಿ ಮುಟ್ಟಿಸಲು ಕೇಳಬಹುದು. ಮನೆಯವರೇ ಸಾಲಿಸಿಟರ್ ಗೊತ್ತುಮಾಡಿ ಠಾಣೆಗೆ ಕಳಿಸಲೂಬಹುದು. ಅವರು ಬಂದಿದ್ದಾರೆಂದು ಪೊಲೀಸರು ಒಳಗಿರುವವರಿಗೆ ಹೇಳಲೇಬೇಕು.